ಮಾವಿನ ಮಳೆಯಲ್ಲಿ ಒಂದು ಛಾಯಾಚಿತ್ರ

ಬಾನುಲಿಯಲ್ಲಿ ಛಾಯಾಚಿತ್ರದ ವಿಷಯವಾಗಿ ಮಾತನಾಡುವುದೆಂದರೆ ಕಿವಿಗೆ ಬಣ್ಣ ತೋರಿಸಹೊರಟಂತೆ. ಆದರೂ ಆ ಸಾಹಸಕ್ಕೆ ಇಂದು ಕೈಹಾಕಿದ್ದೇನೆ. ಅದಕ್ಕೆ ಕಾರಣ, ನಿವೃತ್ತನಾದ ಮೇಲೆ ನಾನು ದಿನವೂ ಬೆಳಿಗ್ಗೆ ತಿರುಗಾಡಲು ಹೋಗುವ ಬಸವೇಶ್ವರನಗರದ ಒಂದು ಸಣ್ಣ ಉದ್ಯಾನ. ನಾಲ್ಕಾರು ಹೊಂಗೆಮರ, ಎರಡು ಗುಲ್‌ಮೊಹರ್, ಒಂದು ಮುದಿ ಮಳೆಮರ, ನಡುವೆ ನಾಲ್ಕು ಕಂಬಗಳ ಮೇಲೆ ನಿಂತ ಒಂದು ಮಂಟಪ, ಸುತ್ತ ನಡೆಯುವ ದಾರಿ. ಇಷ್ಟೆ ಅದರ ಐಶ್ವರ್ಯ.

ಮಾಘ ಕಳೆದು ಫಾಲ್ಗುಣ ಬಂತೆಂದರೆ ಈ ದಾರಿಯಲ್ಲಿ ನಮ್ಮಂಥ ವೃದ್ಧರ ನಡಿಗೆಗೆ ವಿಘ್ನ ಶುರುವಾಗುತ್ತದೆ. ಮದುವೆ ನಿಶ್ಚಯವಾದ ಜೋಡಿಗಳು ಛಾಯಾಗ್ರಾಹಕರನ್ನು ಕರೆದುಕೊಂಡು ಬರುತ್ತಾರೆ. ಒಬ್ಬ ಬಿಳಿಯ ಕೊಡೆ ಹಿಡಿದಿರುತ್ತಾನೆ. ಇನ್ನೊಬ್ಬ ಬೆಳ್ಳಿಯ ಬಣ್ಣದ ದೊಡ್ಡ ತಟ್ಟೆಯೊಂದನ್ನು ಹಿಡಿದು ಬಿಸಿಲನ್ನು ಹುಡುಗಿಯ ಮುಖದ ಮೇಲೆ ತಿರುಗಿಸುತ್ತಾನೆ. ‘ಸಾರ್, ಸ್ವಲ್ಪ ನಿಲ್ಲಿ’ ಎಂದು ನಮಗೆ ಅಪ್ಪಣೆಯಾಗುತ್ತದೆ. ನಾನು ನಿಲ್ಲುತ್ತಿರಲಿಲ್ಲ. ಸಾರ್ವಜನಿಕ ದಾರಿಯಲ್ಲಿ ನಡೆಯುವುದು ನನ್ನ ಹಕ್ಕೆಂದು ಎದೆಯುಬ್ಬಿಸಿ, ಆ ಚಿತ್ರದ ನಡುವೆಯೇ ಹಾದುಹೋಗುತ್ತಿದ್ದೆ. ಎಷ್ಟು ದಂಪತಿಗಳ ಸಂಪುಟದಲ್ಲಿ ಮಂಕಿ ಟೋಪಿ ಹಾಕಿಕೊಂಡ ನನ್ನ ಬೆನ್ನು ಶಾಶ್ವತವಾಗಿ ಉಳಿದಿದೆಯೋ ತಿಳಿಯದು.

ರಾಜಾಜಿ, ಬಸವೇಶ್ವರ, ವಿಜಯನಗರ ಎಂಬ ಗಂಭೀರವಾದ ಹೆಸರುಗಳನ್ನು ಹೊತ್ತ ನಮ್ಮ ಪಶ್ಚಿಮದ ಬಡಾವಣೆಗಳಲ್ಲಿ ಇಂಥ ವಿಲಾಸವೆ ಎಂದು ಗೆಳೆಯರೊಡನೆ ನಾನೂ ಗೊಣಗಿದವನೇ. ಆದರೆ ಜೀವನವೆಲ್ಲ ಹಳಗನ್ನಡ ಕಾವ್ಯಗಳನ್ನು ಪಾಠ ಹೇಳಿದವನಿಗೆ ಹಾಗೆ ಗೊಣಗುವ ಅಧಿಕಾರ ಇದೆಯೆ ಎಂಬ ಸಂದೇಹವೂ ಒಳಗೇ ಇತ್ತು. ಮಹಾಕಾವ್ಯದಲ್ಲಿ ಇರಬೇಕಾದ ಹದಿನೆಂಟು ವರ್ಣನೆಗಳ ವಿಚಾರ ನೀವು ಕೇಳಿಯೇ ಇರುತ್ತೀರಿ. ದಂಡಿಯ ‘ಕಾವ್ಯಾದರ್ಶ’ದಿಂದ ಬಂದ ಲಕ್ಷಣ ಅದು. ನಗರ, ಸಮುದ್ರ, ಪರ್ವತಗಳ ಜೊತೆಗೆ ಋತು, ಉದ್ಯಾನ, ವಿವಾಹ ಈ ಮೂರೂ ಅದರಲ್ಲಿ ಸೇರಿವೆ. ವಸಂತ ಬಂದ ಕೂಡಲೆ ನಾಯಕ ನಾಯಿಕೆಯರನ್ನು ಉದ್ಯಾನಕ್ಕೆ ಕಳುಹಿಸದೆ ನಮ್ಮ ಚಂಪೂಕವಿಗಳಿಗೆ ನೆಮ್ಮದಿಯಿಲ್ಲ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ ಪಂಪನಂತೂ ಬನವಾಸಿಯನ್ನು ನೆನೆಯುವಾಗ ಅದರ ಕೋಟೆಕೊತ್ತಲಗಳನ್ನು ಮರೆತು, ಮಾವು ಮಲ್ಲಿಗೆಗಳನ್ನೇ ನೆನೆದ. ಆದ್ದರಿಂದ ವಸಂತದಲ್ಲಿ ವಧೂವರರು ತೋಟಕ್ಕೆ ಬರುವುದು ಹೊಸ ಫ್ಯಾಷನ್ನೇನೂ ಅಲ್ಲ. ಕವಿಯ ಜಾಗದಲ್ಲಿ ಕ್ಯಾಮೆರಾ ಬಂದಿದೆ, ಅಷ್ಟೆ.

ಹಾಗಾದರೆ ವಸಂತ ಎಂದರೆ ಯಾವುದು? ಬಿ. ಎಂ. ಶ್ರೀಯವರು ‘ಇಂಗ್ಲಿಷ್ ಗೀತಗಳು’ ಸಂಗ್ರಹದಲ್ಲಿ ಥಾಮಸ್ ನ್ಯಾಶ್ ಎಂಬ ಕವಿಯ ವಸಂತಗೀತೆಯನ್ನು ಕನ್ನಡಕ್ಕೆ ತಂದರು. ಶಾಲೆಯಲ್ಲಿ ಅದನ್ನು ಹಾಡಿದ ನಮ್ಮ ತಲೆಮಾರಿಗೆ ಇಂಗ್ಲೆಂಡಿನ ವಸಂತವೇ ನಮ್ಮ ವಸಂತವೆಂಬ ಭ್ರಮೆ ಬೆಳೆಯಿತು. ಅಲ್ಲಿ ಚಳಿ ಹರಿದು ನವುರಾದ ಬಿಸಿಲು ಬರುವ ಕಾಲ ಅದು. ನಮ್ಮಲ್ಲಿ ಚೈತ್ರ ವೈಶಾಖಗಳೆಂದರೆ ಚಿಗುರು ಹೌದು, ಜೊತೆಗೆ ಸುಡುಬಿಸಿಲೂ ಗುಡುಗೂ ಹೌದು. ಯುಗಾದಿಯ ದಿನ ಬೇವು ಬೆಲ್ಲ ಎರಡನ್ನೂ ಒಟ್ಟಿಗೆ ತಿನ್ನುವ ಜನಕ್ಕೆ ಇದನ್ನು ಬೇರೆ ಹೇಳಬೇಕಾಗಿಲ್ಲ.

ಬೆಂಗಳೂರಿನ ವಸಂತಕ್ಕೆ ಇನ್ನೂ ಒಂದು ವಿಶೇಷವಿದೆ. ಅದನ್ನು ಅರ್ಧಭಾಗ ಮನುಷ್ಯರು ಕೂಡಿಸಿದ್ದು. ಜರ್ಮನಿಯಲ್ಲಿ ಹುಟ್ಟಿ, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಪಳಗಿ, 1893ರಲ್ಲಿ ಬರೋಡಾ ಸಂಸ್ಥಾನಕ್ಕೆ ಬಂದ ಜಿ. ಎಚ್. ಕ್ರುಂಬಿಗಲ್ ಅವರು 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಸೇರಿ ಲಾಲ್‌ಬಾಗಿನ ಹೊಣೆ ಹೊತ್ತರು. ಒಂದು ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳಬೇಕು, ವರ್ಷದ ಯಾವ ತಿಂಗಳೂ ಬೀದಿ ಬರಿದಾಗಬಾರದು ಎಂಬುದು ಅವರ ಯೋಜನೆ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ನಗರದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಿಸಿದರು. ಫೆಬ್ರವರಿ ಮಾರ್ಚಿಯಲ್ಲಿ ತಿಳಿಗೆಂಪಿನ ಟಬುಬಿಯಾ, ನೀಲಿಯ ಜಕರಂಡಾ. ಯುಗಾದಿಗೆ ನಮ್ಮದೇ ಆದ ಹೊಂಗೆಯ ಎಳೆದಳಿರು. ಏಪ್ರಿಲ್ ಮೇ ತಿಂಗಳಿಗೆ ಗುಲ್‌ಮೊಹರಿನ ಕೆಂಪು. ಟಬುಬಿಯಾ, ಜಕರಂಡಾಗಳ ತವರು ಅಮೆರಿಕ ಖಂಡದ ಉಷ್ಣಪ್ರದೇಶ. ಗುಲ್‌ಮೊಹರಿನದು ಮಡಗಾಸ್ಕರ್ ದ್ವೀಪ. ಸೊಸೆಯರಾಗಿ ಬಂದು ಮನೆಯ ಮಕ್ಕಳೇ ಆಗಿಬಿಟ್ಟ ಮರಗಳು ಇವು. ಮದುವೆಯ ಚಿತ್ರಕ್ಕೆ ಹಿನ್ನೆಲೆಯಾಗಲು ಇವಕ್ಕಿಂತ ಯೋಗ್ಯರು ಯಾರು?

ತೊಡಕು ಇರುವುದು ಮಳೆಯಲ್ಲಿ. ಜನ ಅದನ್ನು ಮಾವಿನ ಮಳೆ ಎನ್ನುತ್ತಾರೆ. ಪಂಚಾಂಗದ ಲೆಕ್ಕದಲ್ಲಿ ಏಪ್ರಿಲ್ ಮಧ್ಯದಿಂದ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೆಯ ವಾರಕ್ಕೆ ಕೃತ್ತಿಕೆ. ಹವಾಮಾನ ಶಾಸ್ತ್ರಜ್ಞರ ವಿವರಣೆ ಬೇರೆ ಮಾತಿನಲ್ಲಿದೆ. ಬೆಳಗಿನಿಂದ ನೆಲ ಕಾಯುತ್ತದೆ. ಕಾದ ಗಾಳಿ ಮೇಲೇರುತ್ತದೆ. ಎರಡು ಕಡಲುಗಳ ಕಡೆಯಿಂದ ಬಂದ ತೇವ ಅದರೊಡನೆ ಸೇರಿ, ಮಧ್ಯಾಹ್ನದ ಮೇಲೆ ಗೋಪುರದಂಥ ಮೋಡವಾಗಿ ನಿಲ್ಲುತ್ತದೆ. ಈ ಮೋಡದ ಹರವು ಕೆಲವೇ ಮೈಲಿ, ಆಯುಸ್ಸು ಹೆಚ್ಚೆಂದರೆ ಒಂದೆರಡು ಗಂಟೆ. ಆದ್ದರಿಂದಲೇ ರಾಜಾಜಿನಗರದಲ್ಲಿ ಆನೆಕಲ್ಲು ಬಿದ್ದ ದಿನ ಕೆಂಗೇರಿಯಲ್ಲಿ ಸಂಡಿಗೆ ಒಣಗುತ್ತಿರುತ್ತದೆ. ವರ್ಷದಿಂದ ವರ್ಷಕ್ಕೂ ಇದರ ಹಂಗಿಲ್ಲ. 2001ರ ಏಪ್ರಿಲ್ ತಿಂಗಳೊಂದರಲ್ಲೇ ಬೆಂಗಳೂರಿನಲ್ಲಿ 323.8 ಮಿಲಿಮೀಟರ್ ಮಳೆ ಸುರಿಯಿತು. 2016ರ ಏಪ್ರಿಲಿನಲ್ಲಿ ಉಷ್ಣತೆ 39.2 ಡಿಗ್ರಿ ಮುಟ್ಟಿತು. 2024ರ ಏಪ್ರಿಲಿನಲ್ಲಿ ನಗರದ ವೀಕ್ಷಣಾಲಯದ ಅಳತೆಗೆ ಒಂದು ಹನಿಯೂ ಸಿಗಲಿಲ್ಲ. ಇಂಥ ತಿಂಗಳಿನಲ್ಲಿ ದಿನ ಗೊತ್ತುಮಾಡಿ ಬಯಲಿನಲ್ಲಿ ಚಿತ್ರ ತೆಗೆಸುವೆನೆಂಬುದು ಧೈರ್ಯದ ಮಾತೇ ಸರಿ.

ಆ ಧೈರ್ಯವನ್ನು ಮಾಡಿದವಳು ನನ್ನ ತಮ್ಮನ ಮಗಳು. ಅವರ ಮನೆ ವಿಜಯನಗರದಲ್ಲಿ, ಹುಡುಗನದು ಕೆಂಗೇರಿ. 2021ರಲ್ಲಿ ಮೆಟ್ರೊ ರೈಲು ಕೆಂಗೇರಿಯವರೆಗೆ ಓಡತೊಡಗಿತಷ್ಟೆ. ಇಬ್ಬರೂ ಅದೇ ರೈಲಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದರು. ಪರಿಚಯ ಹೇಗೆ ಬೆಳೆಯಿತೆಂದು ಹಿರಿಯರು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ತಾಂಬೂಲ ಬದಲಾಯಿಸುವ ಶಾಸ್ತ್ರ ಮೇ ತಿಂಗಳಲ್ಲಿ ಎಂದಾಯಿತು. ಅದಕ್ಕೆ ಮೊದಲೇ ಉದ್ಯಾನದಲ್ಲಿ ಚಿತ್ರಗಳಾಗಬೇಕೆಂದು ಅವಳ ಹಟ. ‘ದೊಡ್ಡಪ್ಪ, ನಿಮ್ಮ ಪಾರ್ಕೇ ಸಾಕು’ ಎಂದಳು.

ದೊಡ್ಡ ಉದ್ಯಾನಗಳಿಗೆ ಏಕೆ ಹೋಗುವುದಿಲ್ಲವೆಂದು ಕೇಳಿದೆ. ಕಬ್ಬನ್ ಉದ್ಯಾನ, ಲಾಲ್‌ಬಾಗ್‌ಗಳ ರಕ್ಷಣೆಗೆಂದೇ 1975ರ ಸರ್ಕಾರಿ ಉದ್ಯಾನಗಳ ಕಾಯ್ದೆಯಿದೆ, ಅಲ್ಲಿ ಇಂಥ ಚಿತ್ರೀಕರಣಕ್ಕೆ ತೋಟಗಾರಿಕೆ ಇಲಾಖೆಯ ಅನುಮತಿ ಬೇಕು, ಇಲ್ಲಿ ತೊಂದರೆಯಿಲ್ಲ ಎಂಬುದು ಅವಳ ಲೆಕ್ಕ. ನನಗೆ ಸಂತೋಷವಾಗಲಿಲ್ಲ. ಖರ್ಚಿನ ಮಾತು ಕೇಳಿದ ಮೇಲಂತೂ ಕೋಪವೇ ಬಂತು. ಛಾಯಾಗ್ರಾಹಕನಿಗೆ ಕೊಡುವ ಹಣದಲ್ಲಿ ನನ್ನ ಕಾಲದಲ್ಲಿ ಎರಡು ಮದುವೆಗಳು ಆಗುತ್ತಿದ್ದವು. 1966ರಲ್ಲಿ ಕುವೆಂಪು ಅವರು ಮಗ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ಸರಳ ವಿಧಿಯಿಂದ ನಡೆಸಿದ್ದನ್ನು ಅವಳಿಗೆ ನೆನಪಿಸಿದೆ. ಅವಳು ಕೇಳಿಕೊಂಡು, ‘ಮದುವೆ ಹಾಗೇ ಮಾಡೋಣ ದೊಡ್ಡಪ್ಪ, ಫೋಟೊ ಮಾತ್ರ ಬೇಕು’ ಎಂದಳು. ನಾನು ನಿರುತ್ತರನಾದೆ.

ಈ ಮಾತು ನಡೆಯುವಾಗ ನನ್ನ ಅಕ್ಕ ಅಲ್ಲೇ ಕುಳಿತಿದ್ದಳು. ಅವಳಿಗೆ ಈಗ ಎಪ್ಪತ್ತೆರಡು. ಅವಳ ವಿಷಯ ಹೇಳದೆ ಈ ಕಥೆ ಮುಂದೆ ಸಾಗದು.

1974ನೆಯ ಇಸವಿ. ನಾವು ಆಗ ರಾಜಾಜಿನಗರದಲ್ಲಿದ್ದೆವು. ಅಕ್ಕನಿಗೆ ಗಂಡು ನೋಡುವ ಕಾಲ. ‘ಹುಡುಗಿಯ ಫೋಟೊ ಕಳಿಸಿ’ ಎಂಬ ಕಾಗದಗಳು ಬರುತ್ತಿದ್ದವು. ಅಪ್ಪ ಅವಳನ್ನು ಸ್ಟುಡಿಯೊಕ್ಕೆ ಕರೆದೊಯ್ದರು. ಜೊತೆಗೆ ಹದಿನಾರರ ಹುಡುಗನಾದ ನಾನು. ಆ ಸ್ಟುಡಿಯೊದ ಗೋಡೆಗೆ ಒಂದು ಪರದೆ ತೂಗುಹಾಕಿತ್ತು. ಅದರ ಮೇಲೆ ಬರೆದಿದ್ದುದು ಏನೆನ್ನುತ್ತೀರಿ? ಉದ್ಯಾನ! ಕಲ್ಲಿನ ಮೆಟ್ಟಿಲು, ಕಾರಂಜಿ, ಎಲ್ಲಿಯೂ ಬೆಳೆಯದ ಒಂದು ಜಾತಿಯ ಹೂ. ಅಲ್ಲಿ ಮಳೆಯ ಭಯವಿಲ್ಲ, ಬಿಸಿಲಿನ ಭಯವಿಲ್ಲ. ಎರಡು ದೀಪಗಳ ಉರಿಯಲ್ಲಿ ಅಕ್ಕ ಒಂದು ಕುಂಡದ ಮೇಲೆ ಕೈಯಿಟ್ಟು ನಿಂತಳು. ‘ನಗಬೇಡಮ್ಮ, ಗಂಭೀರವಾಗಿರು’ ಎಂದರು ಅಪ್ಪ. ‘ಸ್ವಲ್ಪ ನಗಲಿ’ ಎಂದರು ಸ್ಟುಡಿಯೊದವರು. ಅವಳು ಎರಡಕ್ಕೂ ನಡುವೆ ಏನೋ ಒಂದು ಮಾಡಿದಳು. ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಫಿಲ್ಮಿನ ಕಾಲ ಅದು. ಒಂದು ಸುರುಳಿಗೆ ಹನ್ನೆರಡು ಚೌಕ. ಅದರಲ್ಲಿ ಎರಡು ಅಕ್ಕನ ಪಾಲಿಗೆ ಬಂದವು.

ಆ ಚಿತ್ರ ಒಂಬತ್ತು ಮನೆಗಳಿಗೆ ಹೋಯಿತು. ಎಂಟು ಮನೆಗಳಿಂದ ಹಿಂದಿರುಗಿತು. ಪ್ರತಿಸಲವೂ ಲಕೋಟೆ ಒಡೆದು, ಕಾಗದ ಓದಿ, ಚಿತ್ರವನ್ನು ಅಪ್ಪ ಪಂಚಾಂಗದ ನಡುವೆ ಇಡುತ್ತಿದ್ದರು. ಮೂಲೆಗಳು ಮಡಿಸಿಹೋದವು, ಒಂದು ಮನೆಯಿಂದ ಬರುವಾಗ ಬೆನ್ನಿನ ಮೇಲೆ ಕಾಫಿಯ ಲೋಟದ ವೃತ್ತವೂ ಇತ್ತು. ಆ ವೃತ್ತವನ್ನು ಅಕ್ಕ ಬಹಳ ಹೊತ್ತು ನೋಡುತ್ತ ಕುಳಿತಿದ್ದುದು ನನಗೆ ನೆನಪಿದೆ. ಒಂಬತ್ತನೆಯ ಮನೆಯಲ್ಲಿ ಒಪ್ಪಿಗೆಯಾಯಿತು, ಮದುವೆಯಾಯಿತು, ಬಾಳು ಚೆನ್ನಾಗಿಯೇ ನಡೆಯಿತು. ಆದರೆ ಅಂದಿನಿಂದ ಕ್ಯಾಮೆರಾ ಕಂಡರೆ ಅವಳು ತಲೆ ತಗ್ಗಿಸುತ್ತಿದ್ದಳು. ನಮ್ಮ ಮನೆಯ ಶುಭಕಾರ್ಯಗಳ ಚಿತ್ರಗಳಲ್ಲೆಲ್ಲ ಅವಳ ಬೈತಲೆ ಕಾಣುತ್ತದೆ, ಮುಖ ಕಾಣುವುದಿಲ್ಲ. ನಾಚಿಕೆಯ ಸ್ವಭಾವವೆಂದು ನಾವು ತಿಳಿದಿದ್ದೆವು.

ಇರಲಿ. ಚಿತ್ರೀಕರಣಕ್ಕೆ ಗೊತ್ತಾದ ದಿನ ಏಪ್ರಿಲ್ 24. ಬೆಳಿಗ್ಗೆ ಏಳಕ್ಕೆ ಎಲ್ಲರೂ ಬಂದರು. ಸೀರೆಯ ಚೀಲ ಹೊತ್ತು ಅಕ್ಕನೂ ಬಂದಳು. ಬೆಳಗಿನ ಬಿಸಿಲು ಓರೆಯಾಗಿ ಬರುತ್ತದೆ, ಮುಖಕ್ಕೆ ಹಿತ, ಒಂಬತ್ತಕ್ಕೆ ಮುಗಿಸೋಣ ಎಂಬುದು ಛಾಯಾಗ್ರಾಹಕನ ಯೋಜನೆ. ಆದರೆ ಕಾವಲುಗಾರ ಬಿಳಿಯ ಕೊಡೆ ಕಂಡು ಪತ್ರ ಎಲ್ಲಿ ಎಂದ. ತೊಂದರೆಯಿಲ್ಲವೆಂದು ಲೆಕ್ಕ ಹಾಕಿದ್ದವಳ ಮುಖ ಬಾಡಿತು. ದಿನವೂ ನಮಸ್ಕಾರ ಹೇಳುವ ನನ್ನ ಮಾತೂ ನಡೆಯಲಿಲ್ಲ. ಅವನದು ತಪ್ಪಲ್ಲ, ಹಿಂದಿನ ವಾರ ಯಾರೋ ಬಣ್ಣದ ಹೊಗೆ ಹಾರಿಸಿ ಹುಲ್ಲು ಸುಟ್ಟಿದ್ದರಂತೆ. ಅಧಿಕಾರಿಗಳನ್ನು ಹುಡುಕಿ, ಹೂಪಾತಿಗೆ ಕಾಲಿಡುವುದಿಲ್ಲ, ನಡೆಯುವವರಿಗೆ ಅಡ್ಡಿ ಮಾಡುವುದಿಲ್ಲ ಎಂದು ಬರೆದುಕೊಟ್ಟು ಒಪ್ಪಿಗೆ ತರುವ ಹೊತ್ತಿಗೆ ಹನ್ನೆರಡು.

ಆ ದಿನದ ಹನ್ನೆರಡು ಗಂಟೆಗೆ ಒಂದು ವೈಶಿಷ್ಟ್ಯವಿದೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಉತ್ತರಕ್ಕೆ ಸರಿಯುವ ಸೂರ್ಯ ಏಪ್ರಿಲ್ 24 ಅಥವಾ 25ರಂದು, ಮತ್ತೆ ಹಿಂದಿರುಗುವಾಗ ಆಗಸ್ಟ್ 18ರ ಸುಮಾರಿಗೆ, ನಡುಹಗಲಿನಲ್ಲಿ ನಮ್ಮ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ಹನ್ನೆರಡು ಗಂಟೆ ಹದಿನೇಳು ನಿಮಿಷದ ಸುಮಾರಿಗೆ ನೆಟ್ಟಗೆ ನಿಂತ ಕಂಬಕ್ಕೆ ಪಕ್ಕದ ನೆರಳೇ ಬೀಳುವುದಿಲ್ಲ. ನಾವು ಕನ್ನಡದಲ್ಲಿ ಫೋಟೊಗೆ ‘ಛಾಯಾಚಿತ್ರ’ವೆಂದು ಹೆಸರಿಟ್ಟಿದ್ದೇವೆ, ಛಾಯೆಯೇ ಇಲ್ಲದ ದಿನ ಛಾಯಾಚಿತ್ರ ತೆಗೆಸಹೊರಟಂತಾಯಿತು! ಬಿಸಿಲು ನೆತ್ತಿಯ ಮೇಲಿಂದ ಬಿದ್ದರೆ ಹಣೆ ಹೊಳೆಯುತ್ತದೆ, ಕಣ್ಣುಗಳು ಎರಡು ಕಪ್ಪು ಗುಳಿಗಳಾಗುತ್ತವೆ. ಛಾಯಾಗ್ರಾಹಕ ಎರಡು ಚಿತ್ರ ತೆಗೆದು ತಲೆಯಾಡಿಸಿದ. ಸಂಜೆ ನಾಲ್ಕಕ್ಕೆ ಎಂದು ಎಲ್ಲರೂ ಚದುರಿದರು.

ನಾಲ್ಕಕ್ಕೆ ಬಂದಾಗ ಮೋಡ ಕವಿದಿತ್ತು. ನಾನು ಒಳಗೊಳಗೇ ‘ಹೇಳಿರಲಿಲ್ಲವೆ’ ಎಂದುಕೊಂಡೆ. ಆ ಹುಡುಗನಾದರೋ ಹಿಗ್ಗಿದ. ಮೋಡವೆಂದರೆ ಆಕಾಶಕ್ಕೆ ಕಟ್ಟಿದ ದೊಡ್ಡ ಬಿಳಿಯ ಪರದೆ, ಬೆಳಕು ಎಲ್ಲ ಕಡೆಯಿಂದಲೂ ಸೋಸಿ ಬರುತ್ತದೆ, ಮುಖದ ಮೇಲೆ ಗಡುಸಾದ ನೆರಳು ಬೀಳುವುದಿಲ್ಲ ಎಂದು ನನಗೆ ಪಾಠ ಹೇಳಿದ. ನನ್ನ ವಿದ್ಯಾರ್ಥಿಗಳಿಗಿಂತ ಚಿಕ್ಕವನು, ಚೆನ್ನಾಗಿ ಹೇಳಿದ. ಇಪ್ಪತ್ತು ನಿಮಿಷ ಕೆಲಸ ನಡೆಯಿತು. ಆಮೇಲೆ ಗಾಳಿ ಎದ್ದಿತು. ದೂಳು, ತರಗೆಲೆ, ಹಿಂದೆಯೇ ಗುಡುಗು. ಬಿಳಿಯ ಕೊಡೆ ಹಾರಿ ಬೇಲಿಗೆ ಸಿಕ್ಕಿತು. ಮಳೆಮರದ ಅಡಿಗೆ ಓಡುತ್ತಿದ್ದವರನ್ನು ಕಾವಲುಗಾರ ಕೂಗಿ ಮಂಟಪಕ್ಕೆ ಕರೆದ. ಅವನು ಮಾಡಿದ್ದೇ ಸರಿ. ಸಿಡಿಲಿನ ಹೊತ್ತಿನಲ್ಲಿ ಮರದಡಿ ನಿಲ್ಲಬಾರದು; ಮೊದಲ ಬಿರುಗಾಳಿಗೆ ನಮ್ಮ ನಗರದಲ್ಲಿ ಎಷ್ಟು ಕೊಂಬೆಗಳು ಮುರಿದುಬೀಳುತ್ತವೆಂಬುದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಆನೆಕಲ್ಲು ಮಂಟಪದ ತಾರಸಿಯ ಮೇಲೆ ಕಡಲೆ ಸುರಿದಂತೆ ಸದ್ದುಮಾಡಿತು.

ಅರ್ಧ ಗಂಟೆ ನಾವೆಲ್ಲ ಅಲ್ಲಿ ಸಿಕ್ಕಿಕೊಂಡೆವು: ವಧು, ವರ, ಕಾವಲುಗಾರ, ಇಬ್ಬರು ಕಡಲೆಕಾಯಿ ಮಾರುವವರು, ನಾನು, ಅಕ್ಕ. ಹುಡುಗಿಯ ತಲೆ ತೊಯ್ದು ಹೂ ಜಾರಿತ್ತು. ಅವಳು ಅಳುತ್ತಾಳೆಂದು ನಾನು ಎಣಿಸಿದ್ದೆ. ಅವಳು ಕ್ಯಾಮೆರಾದ ಕಿಟಕಿಯಲ್ಲಿ ಅದುವರೆಗಿನ ಚಿತ್ರಗಳನ್ನು ನೋಡುತ್ತ, ಬೇಡವಾದುದನ್ನು ಅಳಿಸಿರೆಂದು ಹೇಳುತ್ತ ನಿಂತಿದ್ದಳು. ಅಕ್ಕನೂ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು. ನೋಡಿ ಕೇಳಿದಳು: ‘ಇದರಲ್ಲಿ ಯಾವುದನ್ನು ಕಳಿಸುತ್ತೀಯೆ?’

‘ಯಾರಿಗೆ ಅತ್ತೆ?’

‘ಗಂಡಿನ ಮನೆಗೆ.’

ಹುಡುಗ ನಕ್ಕು, ‘ನಾನು ಇಲ್ಲೇ ಇದ್ದೇನಲ್ಲ’ ಎಂದ. ಹುಡುಗಿ ಮಾತ್ರ ನಗಲಿಲ್ಲ. ಅವಳಿಗೆ ಆ ಹಳೆಯ ಚಿತ್ರದ ಕಥೆ ಗೊತ್ತಿತ್ತೋ ಇಲ್ಲವೋ, ನಾನು ಕೇಳಿಲ್ಲ. ‘ಯಾರ ಮನೆಗೂ ಇಲ್ಲ ಅತ್ತೆ. ಇದು ನಮಗೇ’ ಎಂದಳು.

ಅಕ್ಕ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಐವತ್ತು ವರ್ಷಗಳಿಂದ ನಾಚಿಕೆಯೆಂದು ನಾನು ತಿಳಿದಿದ್ದುದು ನಾಚಿಕೆಯಲ್ಲವೆಂದು ನನಗೆ ಆಗ ಹೊಳೆಯಿತು. ಕಾವ್ಯದಲ್ಲಿ ಧ್ವನಿಯನ್ನು ಹುಡುಕಿ ಹುಡುಕಿ ತೋರಿಸುತ್ತಿದ್ದವನು, ಸ್ವಂತ ಅಕ್ಕನ ತಗ್ಗಿದ ತಲೆಯನ್ನು ಓದಿರಲಿಲ್ಲ.

ಈ ಹೊಸ ಪದ್ಧತಿಯಲ್ಲಿ ದೋಷವಿಲ್ಲವೆಂದು ನಾನು ಹೇಳುವುದಿಲ್ಲ. ಹುಡುಗಿ ‘ನಮಗೇ’ ಎಂದ ಚಿತ್ರಗಳು ಮರುದಿನವೇ ಬಂಧುಗಳೆಲ್ಲರ ಮೊಬೈಲಿಗೆ ಬಂದವು. ಮೆಚ್ಚುಗೆಯ ಲೆಕ್ಕವೂ ನಡೆಯಿತು. ಒಂಬತ್ತು ಮನೆಯ ಬದಲು ಒಂಬೈನೂರು ಮನೆ. ಒಬ್ಬರನ್ನು ನೋಡಿ ಒಬ್ಬರು ಸಾಲಮಾಡಿ ಚಿತ್ರ ತೆಗೆಸುವ ಸಂಸಾರಗಳನ್ನೂ ನಾನು ಬಲ್ಲೆ. ಇನ್ನೂ ಘೋರವಾದುದೂ ಇದೆ. 2020ರ ನವೆಂಬರಿನಲ್ಲಿ ಮೈಸೂರು ಜಿಲ್ಲೆಯ ತಲಕಾಡಿನ ಬಳಿ, ಮದುವೆಗೆ ಕೆಲವೇ ದಿನಗಳಿರುವಾಗ, ಕಾವೇರಿಯ ನೀರಿನಲ್ಲಿ ಚಿತ್ರ ತೆಗೆಸಿಕೊಳ್ಳಹೋದ ಒಂದು ಜೋಡಿ ನದಿಯ ಪಾಲಾಯಿತು. ಒಂದು ಚಿತ್ರಕ್ಕಾಗಿ ಎರಡು ಜೀವ. ನೀರು, ಸಿಡಿಲು, ಬಂಡೆಯ ಅಂಚು ಇವು ಸ್ಟುಡಿಯೊದ ಪರದೆಯಲ್ಲ ಎಂಬ ಎಚ್ಚರ ಇರಲೇಬೇಕು. ಉದ್ಯಾನದಲ್ಲಿ ಇನ್ನೊಬ್ಬರಿಗೂ ಪಾಲಿದೆ ಎಂಬ ಎಚ್ಚರವೂ ಬೇಕು. ಇವನ್ನು ಹೇಳುವುದು ಹಿರಿಯರ ಕರ್ತವ್ಯ, ನಾನು ಹೇಳಿದ್ದೇನೆ.

ಆದರೆ ಗೊಣಗುವ ಮುಂಚೆ ನಾವು ಬಿಟ್ಟುಬಂದ ಕಾಲವನ್ನೂ ಒಮ್ಮೆ ನೋಡಬೇಡವೆ? ಆ ಕಾಲದಲ್ಲಿ ಖರ್ಚು ಕಡಮೆಯಿತ್ತು, ಸರಳತೆಯಿತ್ತು. ಹುಡುಗಿಯ ಚಿತ್ರ ಇತರರು ಆರಿಸಲೆಂದು ಇತ್ತು. ಅವಳು ಆರಿಸಲೆಂದು ಇರಲಿಲ್ಲ. ತೆಗೆದ ಚಿತ್ರವನ್ನು ‘ಇದು ಬೇಡ’ ಎನ್ನುವ ಅಧಿಕಾರ ಅಕ್ಕನಿಗೆ ಇದ್ದಿದ್ದರೆ ಆ ಲಕೋಟೆಗಳಲ್ಲಿ ಎಷ್ಟು ಹೊರಡುತ್ತಿದ್ದವೋ!

ಆರು ಗಂಟೆಗೆ ಮಳೆ ನಿಂತಿತು. ಪಶ್ಚಿಮದಲ್ಲಿ ಮೋಡ ಸೀಳಿ, ಮಾಗಡಿ ರಸ್ತೆಯ ಕಡೆಯಿಂದ ಹೊಂಬಿಸಿಲು ಬಂತು. ತೊಳೆದ ಎಲೆಗಳ ಹಸಿರು ಕಣ್ಣಿಗೆ ಕಟ್ಟುವಂತಿತ್ತು. ನೆಲದ ತುಂಬ ಗುಲ್‌ಮೊಹರಿನ ಎಸಳು, ನಡುವೆ ಕರಗುತ್ತಿದ್ದ ಆನೆಕಲ್ಲು. ಆ ಕಾಲು ಗಂಟೆಯಲ್ಲಿ ತೆಗೆದವೇ ಉಳಿದ ಚಿತ್ರಗಳು. ಕೊನೆಗೆ ಹುಡುಗಿ ಅತ್ತೆಯ ಕೈಹಿಡಿದು ಎಳೆದಳು. ಅಕ್ಕ ಬೇಡವೆಂದಳು, ಚೀಲ ತೋರಿಸಿದಳು, ಸೆರಗು ಒದ್ದೆಯೆಂದಳು. ಕಾವಲುಗಾರ ಚೀಲವನ್ನು ತಾನು ಇಸಿದುಕೊಂಡ.

ಆ ಚಿತ್ರ ಈಗ ತಮ್ಮನ ಮನೆಯ ಗೋಡೆಯ ಮೇಲಿದೆ. ಉಳಿದವು ಮೊಬೈಲುಗಳಲ್ಲಿವೆ. ಹಿಂದೆ ಒಡೆದ ಬೆಂಚೊಂದು ಕಾಣುತ್ತದೆ; ಹುಡುಗಿಯ ಕೂದಲು ಕೆದರಿದೆ; ಹುಡುಗನ ಷರಾಯಿ ಮೊಣಕಾಲವರೆಗೆ ಕೆಸರು. ನಡುವೆ ಅಕ್ಕ ನೇರವಾಗಿ ನೋಡುತ್ತ ನಿಂತಿದ್ದಾಳೆ. ಅವಳ ಕಣ್ಣು ನಮ್ಮ ಅಮ್ಮನ ಕಣ್ಣಿನಂತಿವೆಯೆಂದು ನನಗೆ ಗೊತ್ತಾದದ್ದು ಆ ಚಿತ್ರದಿಂದ.

ಈಗಲೂ ಬೆಳಿಗ್ಗೆ ತಿರುಗಾಡಲು ಹೋಗುತ್ತೇನೆ. ಬಿಳಿಯ ಕೊಡೆಗಳೂ ಬರುತ್ತವೆ. ‘ಸಾರ್, ಸ್ವಲ್ಪ ನಿಲ್ಲಿ’ ಎಂದರೆ ನಿಲ್ಲುತ್ತೇನೆ. ಹೆಚ್ಚೆಂದರೆ ಒಂದು ನಿಮಿಷ. ಮೋಡ ಕವಿದ ದಿನವಾದರೆ, ಮಂಟಪ ಯಾವ ಕಡೆಗಿದೆಯೆಂದು ತೋರಿಸಿ ಮುಂದೆ ಹೋಗುತ್ತೇನೆ.